ಅಜ್ಜಿ, ತಾಯಿ, ಮಗಳು ಕೂಡಿ ಕಲಿಯಲಿ



ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮಳೆ ಕೈಕೊಟ್ಟು ಶೇಂಗಾ ಒಣಗಿದರೆ ಗಂಡಸರು ಕೂಲಿಗೆಂದು ಊರು ಬಿಡುತ್ತಾರೆ. ಪರಸ್ಥಳದಲ್ಲಿ ಒಬ್ಬನಿಗೆ ಎಚ್‌ಐವಿ ತಗಲಿದರೆ ಮನೆಯಲ್ಲೇ ಇದ್ದ ಹೆಂಡತಿಗೂ ಬರಬಹುದು. ಸೋಂಕಿತ ತಾಯಿಗೆ ಔಷಧಿ ಸಿಗದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಅದು ದಾಟಬಹುದು. ಕಾಲಕ್ಕೆ ಸಿಕ್ಕರೆ 5ಕ್ಕಿಂತ ಕಡಿಮೆ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಹರಡದು.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ. 2004ರಿಂದ ಔಷಧಿಯೂ ಉಚಿತವಾಗಿ ದೊರೆಯುತ್ತಿದೆ. 1969ರಲ್ಲಿ ಅನಂತಪುರಕ್ಕೆ ಬಂದ ವಿಸೆಂಟ್ ಫೆರರ್ ಅವರ ಸಂಸ್ಥೆಯು ಸ್ಪೇನಿನ ದಾನಿಗಳ ನೆರವಿನಿಂದ ಬತ್ತಲಪಲ್ಲಿಯಲ್ಲಿ ಆಸ್ಪತ್ರೆ ಕಟ್ಟಿ ಎಚ್‌ಐವಿ ಪೀಡಿತರಿಗೆ ಚಿಕಿತ್ಸೆ ಕೊಟ್ಟಿತು. ಚಿಕಿತ್ಸೆಗೆ ಹೀಗೆ ಹಣ ಬಂತು. ತಿಳಿವಳಿಕೆಗೆ? ಕನ್ನಡ ಮಾತಾಡುವ ನಮ್ಮ ಹೆಂಗಸರಿಗೆ ತೆಲುಗಿನ ಭಿತ್ತಿಪತ್ರ ಸಾಲದು.

ಕನ್ನಡ ಬಲ್ಲ ನರ್ಸಮ್ಮನ ಬಸ್ ಚಾರ್ಜು, ಕಲಿಯಲು ಬರುವವರ ಅರ್ಧ ದಿನದ ಕೂಲಿ, ಖರ್ಚು ಇಷ್ಟೇ. ಮಹಿಳಾ ಸಂಘದ ಉಳಿತಾಯದಿಂದ ಇದಕ್ಕೆಂದು ಸ್ವಲ್ಪ ತೆಗೆದಿಡೋಣ. ಪಾಠಕ್ಕೆ ಮೂರು ತಲೆಮಾರಿನವರೂ ಬರಲಿ. ರೋಗಿಗೆ ಬೇರೆ ತಟ್ಟೆ ಇಡಬೇಡಿರೆಂದು ಮನೆಯವರಿಗೆ ಹೇಳಬಲ್ಲವಳು ಅಜ್ಜಿ. ಗಂಡನನ್ನು ಪರೀಕ್ಷೆಗೆ ಕರೆದೊಯ್ಯಬೇಕಾದವಳು ತಾಯಿ. ಮದುವೆಗೆ ಮುಂಚೆಯೇ ಎಲ್ಲ ತಿಳಿದಿರಬೇಕಾದವಳು ಮಗಳು.

ನಾಚಿಕೆ ಬಿಡೋಣ. ನಾಚಿಕೆಗಿಂತ ಜೀವ ದೊಡ್ಡದು.