ಉಳಿತಾಯದ ಬಾಬ್ತಿನಲ್ಲಿ ಒಂದು ಓವನ್

ನನ್ನ ಖರ್ಚಿನ ಪುಸ್ತಕದ 2023ರ ಆಗಸ್ಟ್ ಪುಟದಲ್ಲಿ ‘ಉಳಿತಾಯ’ ಎಂಬ ಬಾಬ್ತಿನ ಕೆಳಗೆ ಮೂರು ಸಾಲುಗಳಿವೆ. ಆರ್‌ಡಿ 3,000. ಚಿನ್ನದ ಚೀಟಿ 2,000. ಓವನ್ 7,200. ಮೂರೂ ನನ್ನದೇ ಅಕ್ಷರ. ಊರಿಗೆಲ್ಲ ಬಜೆಟ್ ಹೇಳಿಕೊಡುವ ಅಂಕಣಕಾರನ ಮನೆಯ ಲೆಕ್ಕ ನೋಡಿ ಎಂದು ಹೆಂಡತಿ ಆ ಪುಟವನ್ನು ನೆಂಟರಿಗೆಲ್ಲ ತೋರಿಸಿ ಆಗಿದೆ.

ಆಗ ನನಗೆ ಅದು ಉಳಿತಾಯವೆಂದೇ ಅನ್ನಿಸಿತ್ತು. ಈಗಿನ ಬೆಲೆಯಲ್ಲೇ ಹೇಳುತ್ತೇನೆ. ನಮ್ಮ ಬೀದಿಯ ಕೊನೆಯ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ಕೆಜಿಗೆ 400 ರೂಪಾಯಿ. ಮನೆಯಲ್ಲಿ ಒಂದು ಸಲಕ್ಕೆ ಕಾಲು ಕೆಜಿ ಮೈದಾ, 125 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಚಿಟಿಕೆ ಏಲಕ್ಕಿ, ಅಷ್ಟೇ. ಇದರಲ್ಲಿ ದುಬಾರಿಯದು ಬೆಣ್ಣೆ ಒಂದೇ. 2025ರ ಸೆಪ್ಟೆಂಬರ್ 22ರಂದು ಬೆಣ್ಣೆಯ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ ಅರ್ಧ ಕೆಜಿ ನಂದಿನಿ ಬೆಣ್ಣೆ 305 ರೂಪಾಯಿಯಿಂದ 286ಕ್ಕೆ ಬಂತು. ಎಲ್ಲ ಸೇರಿ 92 ರೂಪಾಯಿಗೆ 420 ಗ್ರಾಂ ಬಿಸ್ಕತ್ತು. ಅಷ್ಟನ್ನೇ ಬೇಕರಿಯಲ್ಲಿ ತಂದರೆ 168. ಗೃಹಜ್ಯೋತಿಯ ಉಚಿತ ವಿದ್ಯುತ್ ಇದ್ದುದರಿಂದ ಕರೆಂಟಿನ ಮುಂದೆ ಸೊನ್ನೆ ಬರೆದಿದ್ದೆ. ಒಂದು ಸಲಕ್ಕೆ 76 ರೂಪಾಯಿ ಉಳಿತಾಯ!

ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಜಾತಿ ನಾನು. ಓವನ್ ಬಂದ ವಾರದಲ್ಲೇ ಡಿಜಿಟಲ್ ತಕ್ಕಡಿ, ಎರಡು ಟ್ರೇ, ಬ್ರೆಡ್ ಟಿನ್ನು, ಸಿಲಿಕೋನ್ ಹಾಳೆ, ನಕ್ಷತ್ರದ ಆಕಾರದ ಅಚ್ಚು ಎಲ್ಲ ಬಂದವು. 2,850 ರೂಪಾಯಿ. ನಕ್ಷತ್ರದ ಅಚ್ಚು ಇವತ್ತಿಗೂ ಹೊಸದಾಗಿಯೇ ಇದೆ. ಓವನ್ನೂ ಸೇರಿ 10,050. ಸಲಕ್ಕೆ 76ರಂತೆ ಈ ಅಸಲು ಮರಳಬೇಕಾದರೆ 133 ಸಲ ಬಿಸ್ಕತ್ತು ಸುಡಬೇಕು, ಒಂದು ಸಲವೂ ಕರಿಕಲಾಗದಂತೆ.

ಕರಿಕಲಾಗದೆ ಇರುತ್ತದೆಯೇ? ಬಿಸ್ಕತ್ತು ಓವನ್‌ನಿಂದ ತೆಗೆಯುವಾಗ ಮೆತ್ತಗೇ ಇರುತ್ತದೆ, ಗರಿ ಬರುವುದು ತಣ್ಣಗಾದ ಮೇಲೆ. ಇದು ಗೊತ್ತಿಲ್ಲದೆ ‘ಇನ್ನೈದು ನಿಮಿಷ, ಇನ್ನೈದು ನಿಮಿಷ’ ಎಂದು ಬಿಟ್ಟ ಮೊದಲ ಮೂರು ಟ್ರೇ ಇದ್ದಿಲಾದವು. ಕಾಯಿ ಬನ್ನಿನ ಕಥೆ ಬೇರೆ. ಕುದಿಸಿ ಇಳಿಸಿದ ಹಾಲಿಗೆ ನೇರವಾಗಿ ಈಸ್ಟ್ ಹಾಕಿ, ಹಿಟ್ಟು ನಾದಿ, ಬಟ್ಟೆ ಮುಚ್ಚಿ, ನಾಲ್ಕು ಗಂಟೆ ಕಾದೆ. ಉಬ್ಬಲಿಲ್ಲ. ಈಸ್ಟ್ ಜೀವ ಇರುವ ವಸ್ತು, ಬೆರಳಿಟ್ಟರೆ ಉಗುರುಬೆಚ್ಚಗಿರುವ ಹಾಲು ಸಾಕು, ಬಿಸಿ ಹೆಚ್ಚಾದರೆ ಸಾಯುತ್ತದೆ. ಆ ಹಿಟ್ಟಿನಲ್ಲಿ ರಾತ್ರಿ ಏನೋ ಒಂದು ಚಪಾತಿ ಆಯಿತು. ಸಿಹಿ ಚಪಾತಿಗೆ ಹುಳಿ ನಂಚಿಕೊಂಡು ಯಾರೂ ಮಾತಾಡದೆ ಉಂಡೆವು.

ಇವೆಲ್ಲ ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಫ್ರಿಜ್ಜಿನ ಬಾಗಿಲಲ್ಲಿತ್ತು. ಅರ್ಧ ಪೊಟ್ಟಣ ಕೋಕೋ, ಎರಡು ಚಮಚ ಬಳಸಿದ ವೆನಿಲ್ಲಾ ಎಸೆನ್ಸ್, ದಿಲ್‌ಪಸಂದ್ ಮಾಡುತ್ತೇನೆಂದು ತಂದ ಟೂಟಿಫ್ರೂಟಿ, ಗಡುವು ಮುಗಿದ ಈಸ್ಟ್. ಒಂದು ಭಾನುವಾರ ಎಲ್ಲವನ್ನೂ ಮೇಜಿನ ಮೇಲೆ ಸುರಿದು ಬೆಲೆ ಕೂಡಿಸಿದೆ: 1,140 ರೂಪಾಯಿ.

ಆದರೂ ನನ್ನ ಮೂಲ ತಪ್ಪು ಇದ್ದದ್ದು ಇಲ್ಲಿ ಅಲ್ಲ. ಆ 168 ರೂಪಾಯಿಯಲ್ಲಿ. ಓವನ್ ಬರುವ ಮೊದಲು ನಮ್ಮ ಮನೆಗೆ ತಿಂಗಳಿಗೆ ಅರ್ಧ ಕೆಜಿ ಬಿಸ್ಕತ್ತು ಸಾಕಾಗುತ್ತಿತ್ತು, 200 ರೂಪಾಯಿ. ಬಂದ ಮೇಲೆ ವಾರಕ್ಕೊಂದು ಸಲ ಬಿಸ್ಕತ್ತು, ಎರಡು ವಾರಕ್ಕೊಮ್ಮೆ ಬನ್, ಮಕ್ಕಳ ಗೆಳೆಯರು, ಪಕ್ಕದ ಮನೆಯವರು ಸೇರಿ ತಿಂಗಳಿಗೆ 900 ರೂಪಾಯಿ ದಾಟಿತು. ಸಲಕ್ಕೆ 76 ಉಳಿಸಿದೆ ಎಂದು ಬರೆದುಕೊಳ್ಳುತ್ತಾ ತಿಂಗಳಿಗೆ 700 ಹೆಚ್ಚು ಖರ್ಚು ಮಾಡುತ್ತಿದ್ದೆ. ನಾನು ಹೋಲಿಸುತ್ತಿದ್ದುದು ಎಂದೂ ಕೊಳ್ಳದ ಬಿಸ್ಕತ್ತಿನ ಬೆಲೆಯೊಂದಿಗೆ. ಒಂದು ಕೊಂಡರೆ ಒಂದು ಉಚಿತ ಎಂಬ ಬಟ್ಟೆ ಅಂಗಡಿಯ ಬೋರ್ಡನ್ನು ಇದೇ ಅಂಕಣದಲ್ಲಿ ಗೇಲಿ ಮಾಡಿದ್ದವನು ನಾನು.

ಬೇಕರಿಯವರಿಗೆ ಹೇಗೆ ಗಿಟ್ಟುತ್ತದೆ ಎಂದು ಆಮೇಲೆ ಗಮನಿಸಿದೆ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ತೆರೆದ ಬೇಕರಿಯ ದಾರಿಯಲ್ಲೇ ನಡೆದ ಅಯ್ಯಂಗಾರ್ ಬೇಕರಿಗಳು ಬೆಂಗಳೂರಿನ ಬೀದಿಬೀದಿಯಲ್ಲಿವೆ. ಇಟ್ಟಿಗೆಯ ಸೌದೆ ಒಲೆಯಲ್ಲಿ ಕಾವು ಜೋರಾಗಿದ್ದಾಗ ಬ್ರೆಡ್ಡು, ಇಳಿದಾಗ ಬಿಸ್ಕತ್ತು, ಉಳಿದ ಕಾವಿನಲ್ಲಿ ರಸ್ಕು. ಒಂದು ಬೆಂಕಿಗೆ ಮೂರು ವ್ಯಾಪಾರ. ನನ್ನ ಓವನ್ ಪ್ರತಿ ಸಲವೂ ತಣ್ಣಗಿನಿಂದ 180 ಡಿಗ್ರಿಗೆ ಏರಬೇಕು, ಹದಿನೈದು ಬಿಸ್ಕತ್ತಿನ ಟ್ರೇಗಾಗಿ.

ಇಷ್ಟೆಲ್ಲ ತಿಳಿದ ಮೇಲೂ 2025ರ ಡಿಸೆಂಬರ್‌ನಲ್ಲಿ ನಾನು ಆರ್ಡರ್ ಹಿಡಿದೆ. ‘ಇಷ್ಟು ಚೆನ್ನಾಗಿ ಮಾಡ್ತೀರಿ, ಮಾರಬಾರದಾ’ ಎಂಬ ಮಾತಿಗೆ ಮನುಷ್ಯ ಕರಗಿದಷ್ಟು ಬೆಣ್ಣೆಯೂ ಕರಗುವುದಿಲ್ಲ. ಪರಿಚಿತರ ಕಚೇರಿಗೆ ಕ್ರಿಸ್‌ಮಸ್ ಉಡುಗೊರೆ, ಕಾಲು ಕೆಜಿಯ 40 ಡಬ್ಬಿ, ಡಬ್ಬಿಗೆ 150. ಕೈಗೆ 6,000! ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವರ್ಷದ ವಹಿವಾಟು 12 ಲಕ್ಷದೊಳಗಿನವರಿಗೆ ಆಗ ಶುಲ್ಕ 100 ರೂಪಾಯಿ, ಆನ್‌ಲೈನ್‌ನಲ್ಲೇ ಕಟ್ಟಿದೆ. ಸಾಮಗ್ರಿ, ಕೆಟ್ಟ ಎರಡು ಸರತಿಯೂ ಸೇರಿ, 2,392. ಡಬ್ಬಿ, ಲೇಬಲ್ 720. ಆಟೋ 350. ಉಳಿದದ್ದು 2,438. ಹೆಂಡತಿಗೆ ಹೋಟೆಲ್ ಊಟ ಕೊಡಿಸಿದೆ. ಆ ಖರ್ಚನ್ನು ಇಲ್ಲಿ ಹಿಡಿದಿಲ್ಲ.

ಜನವರಿಯಲ್ಲಿ ಕರೆಂಟು ಬಿಲ್ ಬಂತು.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದುಕೊಂಡವರು ಬಹಳ. 2022–23ರಲ್ಲಿ ನಮ್ಮಂಥವರ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10, ಅಷ್ಟು ಮಾತ್ರ ಉಚಿತ. ನಮ್ಮದು 128, ಹಾಗಾಗಿ 141. ಅದನ್ನು ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದು. ಡಿಸೆಂಬರ್ ಚಳಿಗೆ ಗೀಸರ್ ಹೆಚ್ಚು ಓಡಿ 184 ಆಗಿರಬೇಕಿತ್ತು, ಅದರ ಮೇಲೆ ಓವನ್ ಇಪ್ಪತ್ತು ಯೂನಿಟ್ ತಿಂದು ಮೀಟರ್ 204 ತೋರಿಸಿತು. 300 ರೂಪಾಯಿಯಲ್ಲಿ ಮುಗಿಯಬೇಕಿದ್ದ ಬಿಲ್ಲು ನಿಗದಿತ ಶುಲ್ಕ, ತೆರಿಗೆ ಎಲ್ಲ ಹೊತ್ತುಕೊಂಡು 1,800 ಆಯಿತು. ನಾಲ್ಕು ಯೂನಿಟ್‌ಗೆ 1,500 ರೂಪಾಯಿ! ಆರು ಸರತಿಯನ್ನು ಮುಂದಿನ ಮೀಟರ್ ರೀಡಿಂಗ್ ಆದ ಮೇಲೆ ಸುಟ್ಟಿದ್ದರೆ ಸಾಕಿತ್ತು.

ನನ್ನ ಲಾಭ 938ಕ್ಕೆ ಇಳಿಯಿತು. ನಾದಿದ್ದು, ಕತ್ತರಿಸಿದ್ದು, ತುಂಬಿದ್ದು, ಪಾತ್ರೆ ತೊಳೆದದ್ದು ಸೇರಿ 31 ಗಂಟೆ. ಗಂಟೆಗೆ 30 ರೂಪಾಯಿ.

ಆರ್ಡರ್ ಹಿಡಿಯುವ ಗೆಳೆಯರಿಗೆ ಒಂದು ಮಾತು, ಲಾಭ ಇಲ್ಲದಿದ್ದರೂ ವಹಿವಾಟು ವಹಿವಾಟೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಗಾಬರಿ ಹುಟ್ಟಿಸಿದ್ದು ಇದೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ಮಿತಿ ಇದೆ, ಮನೆಯ ಓವನ್ ಅಲ್ಲಿಗೆ ಏರುವ ಭಯವಿಲ್ಲ. ಆದರೆ ಚಿಕ್ಕಪ್ಪ ಕಳಿಸಿದ ಸಾಲವೂ ಬಿಸ್ಕತ್ತಿನ ದುಡ್ಡೂ ಒಂದೇ ಖಾತೆಗೆ ಬಿದ್ದರೆ ನಾಳೆ ಬೇರ್ಪಡಿಸುವವರು ನೀವೇ.

ಓವನ್ನನ್ನು ನಾನು ಮಾರಲಿಲ್ಲ. ಪುಸ್ತಕದಲ್ಲಿ ‘ಉಳಿತಾಯ’ದಿಂದ ಹೊಡೆದುಹಾಕಿ ಸಿನಿಮಾ, ಓಟಿಟಿ ಇರುವ ‘ಮನರಂಜನೆ’ ಬಾಬ್ತಿಗೆ ಹಾಕಿದ್ದೇನೆ. ತಿಂಗಳಿಗೆ 600 ರೂಪಾಯಿ, ಅಷ್ಟರಲ್ಲಿ ಏನು ಬೇಕಾದರೂ ಸುಟ್ಟುಕೊಳ್ಳಬಹುದು. ಫ್ರಿಜ್ಜಿನ ಬಾಗಿಲಲ್ಲಿರುವ ಪೊಟ್ಟಣ ಮುಗಿಯದೆ ಹೊಸದು ತರುವಂತಿಲ್ಲ ಎಂಬುದು ಹೆಂಡತಿಯ ತಿದ್ದುಪಡಿ. ವಿಚಿತ್ರವೆಂದರೆ ಬನ್ನು ಈಗ ಮೊದಲಿಗಿಂತ ಚೆನ್ನಾಗಿ ಉಬ್ಬುತ್ತಿದೆ. 133ರ ಅವಸರವಿಲ್ಲದ್ದಕ್ಕೋ ಏನೋ.

ಕಳೆದ ಭಾನುವಾರ ಹಿಟ್ಟು ನಾದುತ್ತಿದ್ದಾಗ ಮೇಲಿನ ಮನೆಯವರು ಬಂದರು. ಮೊಮ್ಮಗಳ ನಾಮಕರಣಕ್ಕೆ 60 ಡಬ್ಬಿ ಬೇಕಂತೆ. ಕೂಲಿ, ಕರೆಂಟು ಎಲ್ಲ ಹಿಡಿದು ಡಬ್ಬಿಗೆ 260 ಎಂದೆ. ‘ಅಷ್ಟಕ್ಕೆ ಬೇಕರೀಲೇ ಎರಡು ಡಬ್ಬಿ ಬರುತ್ತಲ್ಲ’ ಅಂದರು. ‘ಬರುತ್ತೆ, ಅಲ್ಲೇ ತಗೊಳ್ಳಿ’ ಎಂದು ಕೂರಿಸಿ ಕಾಫಿ ಕೊಟ್ಟೆ. ಅವರು ಎದ್ದು ಹೋದ ಮೇಲೆ ಬನ್ನನ್ನು ಓವನ್ನಿಗಿಟ್ಟು, ಕೆಳಗಿಳಿದು ಮೀಟರ್ ನೋಡಿ ಬಂದೆ. ಈ ತಿಂಗಳು 112.