ವಿಚ್ಛೇದನದ ನಂತರ ಪಿಂಚಣಿ: ಅಂಗವಿಕಲ ಸಂಗಾತಿಯ ಹಕ್ಕು

ಗಡಿಭಾಗದ ಕನ್ನಡ ಶಾಲೆಯ ಶಿಕ್ಷಕರ ಬಳಿಗೆ ಪಾಠಕ್ಕೆ ಸಂಬಂಧಿಸದ ಕಾಗದಗಳೂ ಬರುತ್ತವೆ. ಅಕ್ಕಲಕೋಟೆಯ ಕಚೇರಿಪತ್ರದಲ್ಲಿ ‘ನಿವೃತ್ತಿವೇತನ’ ಎಂದಿರುತ್ತದೆ, ತಾಳವಾಡಿಯದರಲ್ಲಿ ‘ಓಯ್ವೂದಿಯಂ’. ಓದಿ ಹೇಳುವ ಹೊಣೆ ಶಿಕ್ಷಕರದು. ಹತ್ತನೆಯ ತರಗತಿಯ ಹುಡುಗನೊಬ್ಬನು ಅಂತಹ ಪತ್ರವನ್ನು ತಂದನೆಂದು ಭಾವಿಸೋಣ. ಕೇಂದ್ರ ಸರ್ಕಾರದ ನೌಕರನಾಗಿದ್ದ ತಂದೆ ತೀರಿಕೊಂಡಿದ್ದಾನೆ. ತಾಯಿಗೆ ನಡೆಯಲಾಗದು, ದುಡಿಮೆಯಿಲ್ಲ. ವಿಚ್ಛೇದನವಾಗಿ ಆರು ವರ್ಷ ಕಳೆದಿದೆ. ತಂದೆಯ ಎರಡನೆಯ ಹೆಂಡತಿ ಇದ್ದಾಳೆ. “ಸರ್, ಅವ್ವಗ ಪೆನ್ಷನ್ ಬರ್ತದೇನ್ರಿ?”

ತಾಯಿಗೆ ಬರುವುದಿಲ್ಲ, ಮಗನಿಗೆ ಬರುತ್ತದೆ.

ಕೇಂದ್ರ ನಾಗರಿಕ ಸೇವಾ (ಪಿಂಚಣಿ) ನಿಯಮಗಳು, 2021ರ 50ನೆಯ ನಿಯಮವು ಕುಟುಂಬ ಪಿಂಚಣಿಯನ್ನು ಕುರಿತದ್ದು. ಅದು ಸಂಗಾತಿಯ ವಿಷಯದಲ್ಲಿ ನೋಡುವುದು ಸಂಬಂಧವನ್ನು, ಕಷ್ಟವನ್ನಲ್ಲ. ವಿಚ್ಛೇದನದ ಡಿಕ್ರಿಯಾದೊಡನೆ ಪತ್ನಿಯೆಂಬ ಸ್ಥಾನ ಅಳಿಯುತ್ತದೆ. ಅಂಗವೈಕಲ್ಯ ಎಷ್ಟೇ ತೀವ್ರವಾಗಿದ್ದರೂ ಆ ಸ್ಥಾನ ಮರಳದು. ಮಕ್ಕಳ ಸಂಬಂಧ ಮಾತ್ರ ಡಿಕ್ರಿಯಿಂದ ಕಡಿಯುವುದಿಲ್ಲ. ಆದುದರಿಂದ, ವಿಚ್ಛೇದನವಾಗಿರದಿದ್ದರೆ ತಾಯಿಗೆ ಸಲ್ಲುತ್ತಿದ್ದ ಪಾಲು ಅರ್ಹ ಮಗುವಿಗೆ ಸಲ್ಲುತ್ತದೆ. ಮಗ ಅಪ್ರಾಪ್ತನಾದರೆ ಅದನ್ನು ಪೋಷಕರ ಮೂಲಕ ಕೊಡುತ್ತಾರೆ. ಸಾಮಾನ್ಯವಾಗಿ ಇದು 25 ವರ್ಷದವರೆಗೆ, ಅಥವಾ ಮದುವೆಯಾಗುವ ಇಲ್ಲವೆ ದುಡಿಯತೊಡಗುವವರೆಗೆ. ಮಗುವೇ ಅಂಗವೈಕಲ್ಯದಿಂದ ದುಡಿಯಲಾರದಿದ್ದರೆ, ನಿಯಮದ ಷರತ್ತುಗಳಿಗೊಳಪಟ್ಟು, ಜೀವನಪರ್ಯಂತ. ತಾಯಿಯ ಅರ್ಜಿ ತಿರಸ್ಕೃತವಾಯಿತೆಂದು ಮನೆಯವರು ಸುಮ್ಮನಾದರೆ ಮಗನ ಪಾಲೂ ಕೇಳುವವರಿಲ್ಲದೆ ಉಳಿಯುತ್ತದೆ.

ಹಾಗಾದರೆ ತಾಯಿಯ ಸ್ವಂತ ಹಕ್ಕು ಎಲ್ಲಿದೆ? ಪಿಂಚಣಿ ಕಚೇರಿಯಲ್ಲಲ್ಲ, ನ್ಯಾಯಾಲಯದಲ್ಲಿ. ಅದೂ ಮಾಜಿ ಪತಿ ಬದುಕಿರುವಾಗ. ಹಿಂದೂ ವಿವಾಹ ಅಧಿನಿಯಮ, 1955ರ 25ನೆಯ ಪ್ರಕರಣದಂತೆ ಡಿಕ್ರಿಯ ಸಮಯದಲ್ಲಾಗಲಿ ಅನಂತರವಾಗಲಿ ಶಾಶ್ವತ ಜೀವನಾಂಶವನ್ನು ಕೇಳಬಹುದು. ಪತಿಯೂ ಕೇಳಬಹುದು; ಇದು ಹೆಚ್ಚಿನವರಿಗೆ ತಿಳಿಯದು. (ವಿಶೇಷ ವಿವಾಹ ಅಧಿನಿಯಮದ 37ನೆಯ ಪ್ರಕರಣದಲ್ಲಿ ಈ ಹಕ್ಕು ಪತ್ನಿಗೆ ಮಾತ್ರ.) ಎದುರು ಪಕ್ಷದ ಆದಾಯವನ್ನು ಲೆಕ್ಕಹಾಕುವಾಗ ಪಿಂಚಣಿಯನ್ನೂ ತೋರಿಸಬೇಕು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉಭಯ ಪಕ್ಷಗಳೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ತೀವ್ರ ಅಂಗವೈಕಲ್ಯವನ್ನು ಜೀವನಾಂಶದ ಮೊತ್ತ ನಿರ್ಧರಿಸುವಾಗ ಪರಿಗಣಿಸಬೇಕೆಂದೂ ಹೇಳಿತು. 25ನೆಯ ಪ್ರಕರಣದಲ್ಲೇ ಇನ್ನೊಂದು ಮಾತಿದೆ: ಜೀವನಾಂಶಕ್ಕೆ ಭದ್ರತೆಯಾಗಿ ಎದುರು ಪಕ್ಷದ ಸ್ಥಿರಾಸ್ತಿಯ ಮೇಲೆ ಹೊರೆ ವಿಧಿಸಬಹುದು. ಅಂಗವಿಕಲ ಸಂಗಾತಿಗೆ ಇದಕ್ಕಿಂತ ಬೆಲೆಯುಳ್ಳ ಸಾಲು ಆ ಪ್ರಕರಣದಲ್ಲಿಲ್ಲವೆಂದು ನನ್ನ ಭಾವನೆ. ಪಿಂಚಣಿ ಪಿಂಚಣಿದಾರನೊಡನೆ ನಿಲ್ಲುತ್ತದೆ, ಹೊಲ ನಿಲ್ಲುವುದಿಲ್ಲ.

ಒಂದು ಪದಭೇದವನ್ನು ಇಲ್ಲಿ ಗಮನಿಸಬೇಕು. ‘ನ್ಯಾಯಿಕ ಪ್ರತ್ಯೇಕತೆ’ ವಿಚ್ಛೇದನವಲ್ಲ. ಬೇರೆಯಾಗಿ ಬಾಳಲು ನ್ಯಾಯಾಲಯವಿತ್ತ ಅನುಮತಿ. ವಿವಾಹ ಉಳಿದಿರುವುದರಿಂದ ಕುಟುಂಬ ಪಿಂಚಣಿಯ ಹಕ್ಕು ತಾನಾಗಿ ನಾಶವಾಗುವುದಿಲ್ಲ. ಆದರೆ ಮಕ್ಕಳಿದ್ದರೆ ಅವರ ಸರದಿ ಮೊದಲು. ವ್ಯಭಿಚಾರದ ಕಾರಣದಿಂದ ಪ್ರತ್ಯೇಕತೆ ದೊರೆತಿದ್ದರೆ ತಪ್ಪಿತಸ್ಥ ಸಂಗಾತಿಗೆ ಹಕ್ಕಿಲ್ಲ. ಈ ಎರಡು ಪದಗಳು ಕೇಳುವವರಿಗೆ ಒಂದೇ ಆಗಿ ತೋರುತ್ತವೆ, ಹಲವೊಮ್ಮೆ ಅನುವಾದಿಸುವವರಿಗೂ.

ಮೇಲಿನ ಪಿಂಚಣಿ ನಿಯಮಗಳು ಕೇಂದ್ರ ನೌಕರರವು. ರಾಜ್ಯ ನೌಕರರಿಗೆ ಮಹಾರಾಷ್ಟ್ರದಲ್ಲಿ 1982ರ, ತಮಿಳುನಾಡಿನಲ್ಲಿ 1978ರ, ಆಂಧ್ರದಲ್ಲಿ 1980ರ ಪಿಂಚಣಿ ನಿಯಮಗಳು. ಕೇರಳದಲ್ಲಿ ಸೇವಾ ನಿಯಮಗಳ ಮೂರನೆಯ ಭಾಗ. ಪತ್ರದ ತಲೆಬರಹವನ್ನು ಮೊದಲು ಓದಿ, ಯಾವ ನಿಯಮವೆಂದು ತಿಳಿದು, ಆಮೇಲೆ ಉತ್ತರಿಸಬೇಕು.

ಪರಸ್ಪರ ಒಪ್ಪಿಗೆಯ ವಿಚ್ಛೇದನಪತ್ರಕ್ಕೆ ಇನ್ನೂ ಸಹಿ ಬೀಳದಿದ್ದರೆ, “ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ” ಎಂಬ ವಾಕ್ಯ ಅದರಲ್ಲಿದೆಯೇ ಎಂದು ಹುಡುಕಿ ತೋರಿಸಿರಿ. ಸಹಿಗೆ ಮುನ್ನ ವಕೀಲರನ್ನು ಕಾಣಲು ಹಣ ಬೇಕಿಲ್ಲ: ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಪ್ರಕರಣದಂತೆ ಮಹಿಳೆಯರಿಗೂ ಅಂಗವಿಕಲರಿಗೂ, ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಅರ್ಹತೆ ಇದೆ. ಅರ್ಜಿಯನ್ನು ತಾಲೂಕು ಅಥವಾ ಜಿಲ್ಲಾ ನ್ಯಾಯಾಲಯದ ಕಾನೂನು ಸೇವಾ ಕಚೇರಿಯಲ್ಲಿ ಕೊಡಬೇಕು. ಅಂಗವೈಕಲ್ಯ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ.