ಆಂಗ್ಲ ಭಾಷೆಯ ಪೂರ್ಣ ವರ್ತಮಾನಕಾಲ

ಕನ್ನಡದಲ್ಲಿ 'ತಮ್ಮನು ನಿನ್ನೆ ಬಂದಿದ್ದಾನೆ' ಎಂದರೆ ಯಾರೂ ಆಕ್ಷೇಪಿಸರು. ಅದನ್ನೇ 'ಹಿ ಹ್ಯಾಸ್ ಕಮ್ ಯೆಸ್ಟರ್ಡೇ' ಎಂದು ಬರೆದ ವಿದ್ಯಾರ್ಥಿಯ ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ. ಈ ತಪ್ಪು ಅಜ್ಞಾನದಿಂದ ಬಂದುದಲ್ಲ, ಮಾತೃಭಾಷೆಯ ಜಾಡಿನಿಂದ ಬಂದುದು. ಎರಡೂ ಭಾಷೆಗಳಲ್ಲಿ ಮುಗಿದ ಕ್ರಿಯೆಯ ಕೃದಂತಕ್ಕೆ ವರ್ತಮಾನದ ಸಹಾಯಕ ಕ್ರಿಯಾಪದವೇ ಸೇರುತ್ತದೆ: ಕನ್ನಡದಲ್ಲಿ 'ಬಂದು' ಎಂಬುದಕ್ಕೆ 'ಇದ್ದಾನೆ', ಆಂಗ್ಲದಲ್ಲಿ 'ಕಮ್' ಎಂಬುದಕ್ಕೆ 'ಹ್ಯಾಸ್'. ಆದರೆ ಆಂಗ್ಲವು ಆ ಸಹಾಯಕ ಪದದ ವರ್ತಮಾನತ್ವವನ್ನು ಬಿಗಿಯಾಗಿ ಹಿಡಿದಿದೆ. ನಿನ್ನೆ, ಕಳೆದ ವರ್ಷ, 1947ರಲ್ಲಿ ಎಂಬಂಥ ಸಂದುಹೋದ ಕಾಲದ ಮಾತು ಬಂದೊಡನೆ 'ಹಿ ಕೇಮ್' ಎಂದೇ ಆಗಬೇಕು.

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಹತ್ತು ವರ್ಷಗಳಿಂದ ಒಂದೇ ಶಾಲೆಯಲ್ಲಿ ದುಡಿಯುತ್ತಿರುವವರು ಅರ್ಜಿಯಲ್ಲಿ 'ಐ ವರ್ಕ್ಡ್ ಇನ್ ದಿಸ್ ಸ್ಕೂಲ್ ಫಾರ್ ಟೆನ್ ಇಯರ್ಸ್' ಎಂದು ಬರೆದರೆ, ಓದಿದವರು ಆ ಕೆಲಸ ಬಿಟ್ಟುಹೋಗಿದೆಯೆಂದೇ ತಿಳಿಯುವರು. 'ದುಡಿಯುತ್ತಿದ್ದೇನೆ' ಎಂಬುದನ್ನು ಅನುಸರಿಸಿ 'ಐ ಆಮ್ ವರ್ಕಿಂಗ್ ಸಿನ್ಸ್ ಟೆನ್ ಇಯರ್ಸ್' ಎಂದರೂ ಸಲ್ಲದು. ಕಚೇರಿಗಳಲ್ಲಿ ಅದು ಧಾರಾಳವಾಗಿ ಓಡಾಡುತ್ತದೆ, ಆ ಮಾತು ಬೇರೆ. 'ಐ ಹ್ಯಾವ್ ವರ್ಕ್ಡ್' ಎಂದು ಬರೆದಾಗ ಕಳೆದ ಹತ್ತು ವರ್ಷಗಳೂ ಇಂದಿನ ಹುದ್ದೆಯೂ ಒಟ್ಟಿಗೆ ತಿಳಿದುಬರುತ್ತವೆ.